ಹಬ್ಬದ ಚೀಟಿಯಲ್ಲಿ ಮಗಳಿಗೂ ಒಂದು ಸಾಲು

ಆಗಮನ ಕಾಲದ ಮೊದಲ ಮೇಣದ ಬತ್ತಿ ಹೊತ್ತಿಕೊಂಡಿತೆಂದರೆ ನಮ್ಮ ಕಥೋಲಿಕ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಆರಂಭವಾಗುತ್ತವೆ. ಒಂದು ಅಂತರಂಗದ ಸಿದ್ಧತೆ: ಪಾಪನಿವೇದನೆ, ಜಪಸರ, ನೊವೇನ, ಬಡವರಿಗೆ ಎತ್ತಿಡುವ ಕಾಣಿಕೆ. ಇನ್ನೊಂದು ಬಹಿರಂಗದ ಸಿದ್ಧತೆ: ಗೋಡೆಗೆ ಸುಣ್ಣ, ಗೋದಲಿಗೆ ಹುಲ್ಲು, ಸೂರಿನ ಅಂಚಿಗೆ ನಕ್ಷತ್ರ, ಒಲೆಯ ಮೇಲೆ ಎಣ್ಣೆಯ ಬಾಣಲೆ. ಈ ಎರಡನೆಯ ಸಿದ್ಧತೆಗೆಲ್ಲ ಮೂಲವಾದುದು ಒಂದು ಸಣ್ಣ ಕಾಗದ. ಅದೇ ಹಬ್ಬದ ಚೀಟಿ. ಕಜ್ಜಾಯಕ್ಕೆ ಬೆಲ್ಲ ಎಷ್ಟು, ಕರ್ಜಿಕಾಯಿಗೆ ಕೊಬ್ಬರಿ ಎಷ್ಟು, ಚಿಕ್ಕವನಿಗೆ ಷರಟು, ಅಳಿಯನಿಗೆ ಪಂಚೆ, ಗುರುಗಳಿಗೆ ಒಂದು ತಟ್ಟೆ ಹಣ್ಣು ಎಂದು ಆ ಚೀಟಿ ಬೆಳೆಯುತ್ತ ಹೋಗುತ್ತದೆ.

ಈ ಚೀಟಿಯನ್ನು ಬರೆಯುವವರು ಯಾರೆಂಬುದನ್ನು ಗಮನಿಸಿದ್ದೇವೆಯೇ? ಬಹುಪಾಲು ಮನೆಗಳಲ್ಲಿ ಬರೆಯುವವಳು ಓದಿದ ಮಗಳು. ತಂದೆ ಹೇಳುತ್ತಾರೆ, ತಾಯಿ ಸೇರಿಸುತ್ತಾರೆ, ಅಜ್ಜಿ ತಿದ್ದುತ್ತಾರೆ, ಮಗಳು ಬರೆದು, ಕೂಡಿ, ಮೊತ್ತ ಹಾಕಿ ತಂದೆಯ ಕೈಗೆ ಕೊಡುತ್ತಾಳೆ. ಎಲ್ಲರ ಬೇಕುಗಳನ್ನೂ ಬಲ್ಲ ಆ ಕೈ ತನ್ನದೊಂದು ಬೇಕನ್ನು ಬರೆಯುವುದು ಅಪರೂಪ. ಯಾರಾದರೂ ನೆನಪಾಗಿ ಕೇಳಿದರೆ, 'ನನಗೇನೂ ಬೇಡಪ್ಪ' ಎಂಬ ಉತ್ತರ ಬರುತ್ತದೆ. ನಾವು ಸಂತೋಷಪಡುತ್ತೇವೆ. ಮಗಳು ಒಳ್ಳೆಯವಳು, ಮನೆಯ ಕಷ್ಟ ಬಲ್ಲವಳು ಎಂದು ನೆಂಟರ ಮುಂದೆ ಹೊಗಳುತ್ತೇವೆ. ಆ 'ಬೇಡ' ಎಂಬ ಮಾತು ನಿಜವಾಗಿಯೂ ತೃಪ್ತಿಯ ಮಾತೇ, ಅಥವಾ ಕೇಳಿಯೂ ಪ್ರಯೋಜನವಿಲ್ಲವೆಂದು ಕಲಿತವಳ ಮಾತೇ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಕ್ರಿಸ್ತಜಯಂತಿ ಹತ್ತಿರವಾಗುತ್ತಿರುವ ಈ ದಿನಗಳಲ್ಲಿ ನಮ್ಮ ಮನೆಗಳ ಪ್ರಾಯದ ಹೆಣ್ಣುಮಕ್ಕಳ ದಿನಚರಿಯನ್ನೂ ಅವರ ಆಸೆಗಳನ್ನೂ ಒಮ್ಮೆ ಮನಸ್ಸಿಟ್ಟು ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬಯಲುಸೀಮೆಯ ಒಂದು ದಿನ

ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದ ತುಮಕೂರು ಜಿಲ್ಲೆಯ ಉತ್ತರ ಭಾಗ ಒಣನೆಲದ ಸೀಮೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಳೆ ಬಂದರೆ ಬೆಳೆ, ಇಲ್ಲವಾದರೆ ವಲಸೆ. ಪಾವಗಡವಂತೂ ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ ತಾಲ್ಲೂಕು. ಕನ್ನಡ, ತೆಲುಗು ಎರಡೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಸೀಮೆ. ಅಲ್ಲಿಯ ಒಂದು ಹಳ್ಳಿ ಕ್ಯಾತಗಾನಚೆರ್ಲು. ತೆಲುಗಿನ 'ಚೆರುವು' ಎಂದರೆ ಕೆರೆ. ಊರಿನ ಹೆಸರಿನಲ್ಲಿ ಕೆರೆ ಕೇಳಿಬಂದರೂ ನೀರಿಗೆ ಬರ ತಪ್ಪದ ಊರುಗಳ ಸಾಲಿಗೆ ಅದೂ ಸೇರುತ್ತದೆ.

ಇಂದು ಕ್ಯಾತಗಾನಚೆರ್ಲು ಎಂಬ ಹೆಸರು ದೇಶಕ್ಕೆ ಪರಿಚಯವಾಗಿರುವುದು ಬಿಸಿಲಿನಿಂದ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಪಾವಗಡದ ಸೌರ ವಿದ್ಯುತ್ ಉದ್ಯಾನ ಹರಡಿಕೊಂಡಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಗೊಂಡ ಈ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ನೆಲವನ್ನು ಕೊಂಡುಕೊಳ್ಳದೆ ರೈತರಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ನಿಗದಿಯಾಯಿತು. ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೂ ಒಪ್ಪಂದದಲ್ಲಿತ್ತು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಸಾಲದಲ್ಲಿ ಮುಳುಗುತ್ತಿದ್ದ ರೈತನಿಗೆ ಇದು ನಿಶ್ಚಿತ ವರಮಾನವಾಯಿತು.

ಈ ವರಮಾನ ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಸಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ಹೆಸರು ಹೆಚ್ಚಾಗಿ ತಾತನದು, ತಂದೆಯದು, ಅಣ್ಣನದು. ಸ್ವಂತ ನೆಲವಿಲ್ಲದೆ ಇತರರ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಣ್ಣುಮಕ್ಕಳಿಗೆ ಹೊಲ ಫಲಕಗಳ ಅಡಿಗೆ ಹೋದೊಡನೆ ಆ ಕೂಲಿಯೂ ಹೋಯಿತು. ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ ಕೆಲಸ ಸಿಕ್ಕಿತು. ಉಳಿದವರು ಬೇರೆ ಊರಿನ ಹೊಲಗಳಿಗೆ, ದೂರದ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೊರಟರು. ಬಿಸಿಲು ವಿದ್ಯುತ್ತಾಗಿ ರಾಜ್ಯಕ್ಕೆಲ್ಲ ಹರಿಯುವಾಗ, ಅದೇ ಬಿಸಿಲಿನಲ್ಲಿ ನಿಂತ ಮಗಳಿಗೆ ಏನು ಬೇಕಾಗಿತ್ತು ಎಂದು ಕೇಳಿದವರು ವಿರಳ. ಇದು ಒಂದು ಧರ್ಮದವರ ಕಥೆಯಲ್ಲ. ನೆರೆಹೊರೆಯಲ್ಲಿ ಬಾಳುವ ಎಲ್ಲರ ಕಥೆ. ಬೆಳೆಯ ಕಾಲದಲ್ಲಾಗಲಿ ಬಾಡಿಗೆಯ ಕಾಲದಲ್ಲಾಗಲಿ ಮನೆಯ ತೀರ್ಮಾನಗಳಲ್ಲಿ ಮಗಳ ಸ್ಥಾನ ತಾನಾಗಿಯೇ ಬದಲಾಗುವುದಿಲ್ಲ ಎಂಬುದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ.

ಈ ಸೀಮೆಯ ಹುಡುಗಿಯ ಒಂದು ದಿನವನ್ನು ಹೇಳಬೇಕಾದರೆ ಅದು ಕೊಡದಿಂದ ಆರಂಭವಾಗುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಕುಡಿಯುವ ನೀರಿಗೊಂದು ಸಾಲು, ಬಳಕೆಯ ನೀರಿಗೊಂದು ಸಾಲು. ಅಂಗಳ ಗುಡಿಸಿ, ದನಕ್ಕೆ ಮೇವು ಹಾಕಿ, ತಮ್ಮನಿಗೆ ಬುತ್ತಿ ಕಟ್ಟಿ, ತಾನು ಬಸ್ಸಿಗೆ ಓಡಬೇಕು. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ತಂದೆಯ ಮುಂದೆ ಕೈಚಾಚುವ ಕಷ್ಟ ತಪ್ಪಿತು. ಹೊತ್ತಿಗೆ ಸರಿಯಾಗಿ ಬಸ್ಸು ಬರುವ ಊರುಗಳಿಗಂತೂ ಅದು ದೊಡ್ಡ ಉಪಕಾರ. ಸಂಜೆ ಮರಳಿದ ಮೇಲೆ ಮತ್ತೆ ಪಾತ್ರೆ, ಮತ್ತೆ ಒಲೆ. ಜಪಸರದ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಪುಸ್ತಕ ತೆರೆಯುವುದು ಎಲ್ಲರೂ ಮಲಗಿದ ಮೇಲೆ.

ಇನ್ನು ಹಬ್ಬದ ದಿನಗಳಲ್ಲಿ ಈ ದಿನಚರಿ ಇಮ್ಮಡಿಯಾಗುತ್ತದೆ. ಗೋದಲಿಗೆ ಹಸಿರು ಬೇಕೆಂದು ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸುವವಳು ಅವಳು. ಅಕ್ಕಿ ನೆನೆಸಿ, ಕುಟ್ಟಿ, ಪಾಕ ನೋಡಿ, ಕರ್ಜಿಕಾಯಿಯ ಅಂಚು ಮಡಿಸುವವಳು ಅವಳು. ಭಜನೆ ತಂಡ ಮನೆಗೆ ಬಂದಾಗ ಚಹಾ ಕೊಡುವವಳೂ ಅವಳೇ. ನಡುರಾತ್ರಿಯ ಪೂಜೆಗೆ ಎಲ್ಲರನ್ನೂ ಹೊರಡಿಸಿ ಕೊನೆಗೆ ತಾನು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ದೇವಾಲಯದಲ್ಲಿ ಕೂರಲು ಜಾಗವಿರುವುದಿಲ್ಲ. 'ಮಹಿಮೆ' ಗೀತೆಯ ಹೊತ್ತಿಗೆ ಘಂಟೆಗಳು ಮೊಳಗುವಾಗ ಅವಳು ಬಾಗಿಲ ಬಳಿ ಗೋಡೆಗೊರಗಿ ನಿಂತಿರುತ್ತಾಳೆ.

ಅವಳ ಆಸೆಗಳಾದರೂ ಏನು? ನಾವು ಕೇಳಿ ಬಲ್ಲಷ್ಟರಲ್ಲಿ ಅವು ಆಕಾಶದ ಚಂದ್ರನಲ್ಲ. ಕೆಲವು ತೀರ ಸಣ್ಣವು: ತಾನೇ ಆರಿಸಿದ ಬಣ್ಣದ ಚೂಡಿದಾರ, ಒಂದು ಕೈಗಡಿಯಾರ, ಬಚ್ಚಲಿಗೊಂದು ಭದ್ರವಾದ ಬಾಗಿಲು, ಓದಲು ಒಂದು ಮೇಜು, ಗೆಳತಿಯ ಮನೆಯಲ್ಲಿ ಒಂದು ದಿನ. ಕೆಲವು ದೊಡ್ಡವು: ಪಿಯುಸಿ ಮುಗಿದ ಮೇಲೂ ಓದು, ನರ್ಸಿಂಗ್ ತರಬೇತಿ, ಒಂದು ಹೊಲಿಗೆ ಯಂತ್ರ, ತನ್ನ ಹೆಸರಿನಲ್ಲೊಂದು ಬ್ಯಾಂಕ್ ಪುಸ್ತಕ, ಮದುವೆಗೆ ಇನ್ನೂ ಎರಡು ವರ್ಷದ ಬಿಡುವು. ಈ ಕೊನೆಯದು ಎಷ್ಟು ಮುಖ್ಯವೆಂಬುದನ್ನು ಅಂಕಿಗಳೇ ಹೇಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರ ಪೈಕಿ ಶೇಕಡಾ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ 21.4. ಅಂದರೆ ಐದು ಹುಡುಗಿಯರಲ್ಲಿ ಒಬ್ಬಳ ಚೀಟಿಯನ್ನು ಬೇರೆಯವರೇ ಬರೆದು ಮುಗಿಸಿದ್ದಾರೆ. ನಡುವಿನ ವರ್ಷಗಳಲ್ಲಿ ಆ ಸ್ಥಿತಿ ಬದಲಾಗಲೇ ಇಲ್ಲ.

ಕೇಳಿದ ತಂದೆ

ಹೆಣ್ಣುಮಕ್ಕಳ ಆಸೆಗೆ ಧರ್ಮಸಭೆಯ ಚರಿತ್ರೆಯಲ್ಲಿ ಎಂತಹ ಸ್ಥಾನವಿದೆ ಎಂದು ನೋಡಹೊರಟರೆ ನಮಗೆ ಇಬ್ಬರು ತರುಣಿಯರು ಎದುರಾಗುತ್ತಾರೆ. ಇಬ್ಬರೂ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು, ಇಬ್ಬರೂ ಇಂದು ಸಂತರು. ಒಬ್ಬಳ ಆಸೆಯನ್ನು ಮನೆಯವರು ಕೇಳಿದರು, ಇನ್ನೊಬ್ಬಳದನ್ನು ಕೇಳಲಿಲ್ಲ.

ಮೊದಲನೆಯವಳು ನಮ್ಮೆಲ್ಲರಿಗೂ ಪರಿಚಿತಳಾದ ಬಾಲಯೇಸುವಿನ ಸಂತ ತೆರೇಸಾ. 1873ರ ಜನವರಿ 2ರಂದು ಫ್ರಾನ್ಸಿನ ಅಲೆನ್ಸೋನಿನಲ್ಲಿ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಯ ಕೊನೆಯ ಮಗಳಾಗಿ ಹುಟ್ಟಿದಳು. ಬಾಲ್ಯದ ಒಂದು ಪ್ರಸಂಗವನ್ನು ಅವಳೇ ಬರೆದಿಟ್ಟಿದ್ದಾಳೆ. ಅಕ್ಕ ಲೆಯೋನಿ ತನಗೆ ಗೊಂಬೆಯಾಟದ ವಯಸ್ಸು ಮುಗಿಯಿತೆಂದು ಗೊಂಬೆಯ ಅಂಗಿ, ಬಟ್ಟೆಯ ತುಂಡುಗಳಿದ್ದ ಬುಟ್ಟಿಯನ್ನು ತಂದು ತಂಗಿಯರ ಮುಂದಿಟ್ಟು ಬೇಕಾದುದನ್ನು ಆರಿಸಿಕೊಳ್ಳಿರೆಂದಳು. ಸೆಲಿನ್ ಒಂದು ಸಣ್ಣ ದಾರದ ಉಂಡೆಯನ್ನು ತೆಗೆದುಕೊಂಡಳು. ತೆರೇಸಾ ತಾನು ಎಲ್ಲವನ್ನೂ ಆರಿಸಿಕೊಳ್ಳುವುದಾಗಿ ಹೇಳಿ ಬುಟ್ಟಿಯನ್ನೇ ಎತ್ತಿಕೊಂಡಳು. ನಮ್ಮ ಮನೆಗಳಲ್ಲಾದರೆ 'ದುರಾಸೆಯ ಹುಡುಗಿ' ಎಂದು ಗದರುತ್ತಿದ್ದೆವೇನೋ. ಮುಂದೆ ಅವಳು ಇದೇ ಪ್ರಸಂಗವನ್ನು ತನ್ನ ಬಾಳಿನ ಸಾರಾಂಶವೆಂದು ಕಂಡಳು. ದೇವರ ಚಿತ್ತವನ್ನು ಅರ್ಧ ಮಾತ್ರ ಆರಿಸಿಕೊಳ್ಳಲು ತನ್ನಿಂದಾಗದು ಎಂದಳು.

ನಾಲ್ಕೂವರೆ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಮೇಲೆ ಅವಳು ಮಾತುಮಾತಿಗೆ ಅಳುವ ಮಗುವಾದಳು. ಕುಟುಂಬ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿತು. ಆ ನಾಡಿನಲ್ಲಿ ಕ್ರಿಸ್ಮಸ್ ರಾತ್ರಿ ಮಕ್ಕಳು ಬೆಂಕಿಗೂಡಿನ ಬಳಿ ತಮ್ಮ ಪಾದರಕ್ಷೆಗಳನ್ನು ಇಡುವುದು, ಹಿರಿಯರು ಅವುಗಳಲ್ಲಿ ಉಡುಗೊರೆ ತುಂಬುವುದು ರೂಢಿ. 1886ರ ಕ್ರಿಸ್ಮಸ್ ನಡುರಾತ್ರಿಯ ಪೂಜೆ ಮುಗಿಸಿ ಮನೆಗೆ ಬಂದಾಗ ತೆರೇಸಾಳಿಗೆ ಹದಿನಾಲ್ಕು ತುಂಬಲು ಕೆಲವೇ ದಿನಗಳಿದ್ದವು. ಅವಳ ಪಾದರಕ್ಷೆಗಳೂ ಅಲ್ಲಿದ್ದವು. ದಣಿದಿದ್ದ ತಂದೆ, ಸದ್ಯ ಇದು ಕೊನೆಯ ವರ್ಷವೆಂದು ಬೇಸರದಿಂದ ಆಡಿದ ಮಾತು ಮೆಟ್ಟಿಲು ಹತ್ತುತ್ತಿದ್ದ ಮಗಳ ಕಿವಿಗೆ ಬಿತ್ತು. ಕಣ್ಣು ತುಂಬಿತು. ಈಗಲೇ ಕೆಳಗೆ ಹೋಗಬೇಡವೆಂದು ಸೆಲಿನ್ ತಡೆದಳು. ಆದರೆ ತೆರೇಸಾ ಅಳುವನ್ನು ನುಂಗಿಕೊಂಡು ಕೆಳಗಿಳಿದು ಬಂದು, ಏನೂ ಕೇಳದವಳಂತೆ ಒಂದೊಂದೇ ಉಡುಗೊರೆಯನ್ನು ಹೊರತೆಗೆದು ನಕ್ಕಳು. ತಂದೆಯೂ ನಕ್ಕರು. ತಾಯಿ ತೀರಿದಂದು ಕಳೆದುಕೊಂಡಿದ್ದ ಮನೋಬಲ ಆ ರಾತ್ರಿ ತನಗೆ ಮರಳಿತೆಂದು ಅವಳು ಬರೆದಿದ್ದಾಳೆ. ಹಬ್ಬದ ದಣಿವಿನಲ್ಲಿ ನಾವು ಆಡುವ ಒಂದು ಮಾತು ಮಗಳ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ತಂದೆತಾಯಿಯರು ಇಲ್ಲಿ ಗಮನಿಸಬೇಕು.

ಆ ತಂದೆಯ ನಿಜವಾದ ಹಿರಿಮೆ ಕಾಣುವುದು ಮುಂದಿನ ವರ್ಷ. 1887ರ ಮೇ 29, ಪವಿತ್ರಾತ್ಮರ ಆಗಮನದ ಹಬ್ಬದ ಸಂಜೆ ತೆರೇಸಾ ಮನೆಯ ತೋಟದಲ್ಲಿ ತಂದೆಯ ಬಳಿ ಕುಳಿತು ತನ್ನ ಆಸೆಯನ್ನು ಹೇಳಿದಳು: ಕಾರ್ಮೆಲ್ ಮಠವನ್ನು ಸೇರಬೇಕು, ಅದೂ ಮುಂದಿನ ಕ್ರಿಸ್ಮಸ್ಸಿನೊಳಗೆ. ಲೂಯಿ ಮಾರ್ಟಿನ್ ಅವರ ಇಬ್ಬರು ಹೆಣ್ಣುಮಕ್ಕಳು ಆಗಲೇ ಮಠ ಸೇರಿದ್ದರು. ಅದೇ ತಿಂಗಳ ಮೊದಲಲ್ಲಿ ಅವರಿಗೆ ಪಾರ್ಶ್ವವಾಯುವಿನ ಆಘಾತವಾಗಿತ್ತು. ಬೇಡವೆನ್ನಲು ಅವರಿಗೆ ಸಾವಿರ ಕಾರಣಗಳಿದ್ದವು. ಅವರು ಅತ್ತರು, ವಯಸ್ಸು ಚಿಕ್ಕದೆಂದರು, ಮಗಳ ಮಾತನ್ನು ಪೂರ್ತಿಯಾಗಿ ಕೇಳಿದರು. ಬಳಿಕ ಗೋಡೆಯ ಬದಿಯಲ್ಲಿ ಬೆಳೆದಿದ್ದ ಒಂದು ಪುಟ್ಟ ಬಿಳಿ ಹೂವನ್ನು ಕಿತ್ತು ಅವಳ ಕೈಗಿತ್ತರು. ಹೂ ಬೇರುಸಹಿತ ಬಂದಿತ್ತು. ಬೇರೆ ನೆಲದಲ್ಲಿ ಬದುಕಲೆಂದೇ ಹಾಗೆ ಬಂದಿತೆಂದು ತೆರೇಸಾ ಅರ್ಥ ಮಾಡಿಕೊಂಡಳು.

ಕೇಳಿದ್ದಷ್ಟೇ ಅಲ್ಲ, ಆ ತಂದೆ ಮಗಳ ಜೊತೆ ನಡೆದರು. ಬಾಯೋ ಪಟ್ಟಣದ ಧರ್ಮಾಧ್ಯಕ್ಷರ ಬಳಿಗೆ ಕರೆದೊಯ್ದರು. ಆ ದಿನ ತೆರೇಸಾ ಹಿರಿಯಳಂತೆ ಕಾಣಲೆಂದು ಕೂದಲನ್ನು ಮೇಲೆತ್ತಿ ಕಟ್ಟಿಕೊಂಡಿದ್ದಳು. ರೋಮಿಗೆ ಯಾತ್ರೆ ಕರೆದೊಯ್ದರು. 1887ರ ನವೆಂಬರ್ 20ರಂದು, ಯಾರೂ ಮಾತನಾಡಬಾರದೆಂಬ ಸೂಚನೆಯನ್ನು ಮೀರಿ, ಅವಳು ಜಗದ್ಗುರು ಹದಿಮೂರನೆಯ ಲಿಯೋ ಅವರನ್ನೇ ಬೇಡಿಕೊಂಡಳು. ಆ ಕ್ರಿಸ್ಮಸ್ಸಿಗೆ ಅನುಮತಿ ಬರಲಿಲ್ಲ. ಕಡೆಗೆ 1888ರ ಏಪ್ರಿಲ್ 9ರಂದು, ಹದಿನೈದರ ವಯಸ್ಸಿನಲ್ಲಿ, ಮಠದ ಬಾಗಿಲು ತೆರೆಯಿತು. (ಇಂದಿನ ಧರ್ಮಸಭೆಯ ಕಾನೂನಿನಂತೆ 17 ತುಂಬದವರು ನವದೀಕ್ಷೆಗೆ ಅರ್ಹರಲ್ಲ.) ಎಲ್ಲ ಹೆಣ್ಣುಮಕ್ಕಳಿಗೂ ದೇವರ ಕರೆ ಮಠಕ್ಕೇ ಎಂದು ನಾವು ಹೇಳುತ್ತಿಲ್ಲ. ಮಗಳ ಆಸೆಯನ್ನು ಈಡೇರಿಸುವ ಅಧಿಕಾರ ಲೂಯಿಯವರ ಕೈಯಲ್ಲೂ ಇರಲಿಲ್ಲ. ಕಿವಿಗೊಡುವುದು, ಜೊತೆಗೆ ನಡೆಯುವುದು ಇವೆರಡೇ ಅವರ ಕೈಯಲ್ಲಿದ್ದದ್ದು. ಅವೆರಡನ್ನೂ ಅವರು ಮಾಡಿದರು. 2015ರ ಅಕ್ಟೋಬರ್ 18ರಂದು ಧರ್ಮಸಭೆ ಆ ತಂದೆತಾಯಿಯರನ್ನೂ ಸಂತರೆಂದು ಘೋಷಿಸಿತು.

ಕೇಳದ ಮನೆ

ಎರಡನೆಯವಳ ಕಥೆ ನಮ್ಮ ಕರ್ನಾಟಕದ ನೆಲಕ್ಕೂ ತಾಗುತ್ತದೆ. ಮರಿಯಂ ಬವಾರ್ದಿ 1846ರ ಜನವರಿ 5ರಂದು, ಮೂರು ರಾಯರ ಹಬ್ಬದ ಮುನ್ನಾದಿನ, ಗಲಿಲೇಯ ಸೀಮೆಯ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ಹನ್ನೆರಡು ಗಂಡುಮಕ್ಕಳನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ತಂದೆತಾಯಿ ಬೆತ್ಲೆಹೇಮಿಗೆ ಕಾಲ್ನಡಿಗೆಯ ಯಾತ್ರೆ ಕೈಗೊಂಡು, ಯೇಸುಸ್ವಾಮಿ ಹುಟ್ಟಿದ ಸ್ಥಳದಲ್ಲಿ ಒಂದು ಹೆಣ್ಣುಮಗುವನ್ನು ಬೇಡಿ ಪಡೆದರು. ಗಂಡು ಬೇಕೆಂದು ಹರಕೆ ಹೊರುವ ನಮ್ಮ ನಾಡಿನಲ್ಲಿ ಈ ಹರಕೆಯನ್ನು ಎರಡು ಬಾರಿ ಓದಬೇಕು. ಆದರೆ ಮಗಳಿಗೆ ಮೂರು ತುಂಬುವ ಮೊದಲೇ ಇಬ್ಬರೂ ತೀರಿಕೊಂಡರು. ತಂದೆಯ ಕಡೆಯ ಬಂಧುವೊಬ್ಬರು ಮರಿಯಂಳನ್ನು ಸಾಕಿ, ಈಜಿಪ್ತಿನ ಅಲೆಕ್ಸಾಂಡ್ರಿಯಾಕ್ಕೆ ಕರೆದೊಯ್ದರು.

ಹನ್ನೆರಡು–ಹದಿಮೂರರ ವಯಸ್ಸಿಗೆ ಅವಳ ಮದುವೆ ಗೊತ್ತಾಯಿತು. ಆಭರಣ ಬಂತು, ಬಟ್ಟೆ ಬಂತು. ಅವಳನ್ನು ಒಂದು ಮಾತು ಕೇಳಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಅವಳು ಒಲ್ಲೆನೆಂದಳು. ಬಲವಂತ ಹೆಚ್ಚಿದಾಗ ತನ್ನ ಜಡೆಯನ್ನೇ ಕತ್ತರಿಸಿಕೊಂಡಳು. ಪೆಟ್ಟು ಬಿತ್ತು, ಮನೆಯ ಮಗಳಾಗಿದ್ದವಳು ಅಡುಗೆಮನೆಯ ಆಳಾದಳು. ತನ್ನ ಪಾಡನ್ನು ಹೇಳಿಕೊಳ್ಳಲು ಅವಳಿಗಿದ್ದ ಒಬ್ಬನೇ ತಮ್ಮ ದೂರದ ಗಲಿಲೇಯದಲ್ಲಿದ್ದ. ಅವನಿಗೆ ಕಾಗದ ಕಳಿಸಲು ಪರಿಚಯದ ಒಬ್ಬನ ಮನೆಗೆ ಹೋದಾಗ, ಅವನು ಧರ್ಮವನ್ನು ಬಿಡೆಂದು ಒತ್ತಾಯಿಸಿ, ಒಪ್ಪದಿದ್ದಾಗ ಕುತ್ತಿಗೆಗೆ ಕತ್ತಿ ಹಾಕಿದ. ಸಾಯುವಂತಿದ್ದವಳು ಬದುಕಿಕೊಂಡಳು. ಬಳಿಕ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಫ್ರಾನ್ಸಿನ ಮಾರ್ಸೇಲ್ಸ್ ಎಂದು ಊರೂರಿನಲ್ಲಿ ಮನೆಗೆಲಸ ಮಾಡಿ ಬಾಳಿದಳು.

1867ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಅವಳನ್ನು ಸ್ವೀಕರಿಸಿತು. 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲು ಹಡಗು ಹತ್ತಿದ ಭಗಿನಿಯರ ತಂಡದಲ್ಲಿ ಅವಳೂ ಇದ್ದಳು. ಆ ದೀರ್ಘ ಪ್ರಯಾಣದಲ್ಲಿ ಜೊತೆಯ ಕೆಲವು ಭಗಿನಿಯರು ಅಸುನೀಗಿದರು. 1871ರ ನವೆಂಬರ್ 21ರಂದು, ಮಂಗಳೂರಿನ ಮಠದಲ್ಲೇ, ಅವಳು ವ್ರತವಾಕ್ಕುಗಳನ್ನು ಸ್ವೀಕರಿಸಿದಳು. ಓದುಬರಹ ಹೆಚ್ಚು ತಿಳಿಯದ ಆಕೆ ಅಡುಗೆ, ತೊಳೆಯುವಿಕೆ ಮುಂತಾದ ಮನೆಗೆಲಸದ ಭಗಿನಿಯಾಗಿಯೇ ಉಳಿದಳು. 1872ರಲ್ಲಿ ಫ್ರಾನ್ಸಿಗೆ ಮರಳಿ, 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠವನ್ನು ಕಟ್ಟುವ ಕೆಲಸದಲ್ಲಿ ತೊಡಗಿದಳು. ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು ಪೆಟ್ಟಾಗಿ, 1878ರ ಆಗಸ್ಟ್ 26ರಂದು ತೀರಿಕೊಂಡಳು. ತಂದೆತಾಯಿ ಅವಳನ್ನು ಬೇಡಿಕೊಂಡ ಊರಿನಲ್ಲೇ ಅವಳ ಬಾಳು ಮುಗಿಯಿತು. ವಯಸ್ಸು 32. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸರು ಅವಳನ್ನು ಸಂತಳೆಂದು ಘೋಷಿಸಿದರು.

ಮರಿಯಂ ಸಂತಳಾದಳು, ಆದ್ದರಿಂದ ಮನೆಯವರ ಬಲವಂತದಿಂದ ಕೇಡೇನೂ ಆಗಲಿಲ್ಲ ಎಂದು ಯಾರೂ ತರ್ಕಿಸಬಾರದು. ಅವಳು ಬದುಕಿದ್ದು ದೇವರ ಕೃಪೆಯಿಂದ, ಬಂಧುಗಳ ವಿವೇಕದಿಂದಲ್ಲ. ಕಾಗದ ಬರೆಸಲು ಕತ್ತಲಲ್ಲಿ ಹೊರಗೆ ಹೋಗುವ ಸ್ಥಿತಿ ಒಬ್ಬ ಹುಡುಗಿಗೆ ಬಂದದ್ದು, ಮನೆಯೊಳಗೆ ಕಿವಿಗೊಡುವವರು ಇಲ್ಲದ್ದರಿಂದ. ಇಂದೂ ಮನೆಯಲ್ಲಿ ಹೇಳಲಾರದ ಮಾತನ್ನು ಹುಡುಗಿಯರು ಹೊರಗೆ ಯಾರಿಗೋ ಹೇಳುತ್ತಾರೆ, ಕೈಯಲ್ಲಿರುವ ಫೋನಿಗೆ ಹೇಳುತ್ತಾರೆ. ಕೇಳಿದವರೆಲ್ಲ ಹಿತೈಷಿಗಳಾಗಿರುವುದಿಲ್ಲ.

ದೇವರು ಕೇಳಿದ ಪ್ರಶ್ನೆ

ಈ ಇಬ್ಬರಿಗಿಂತ ಮೊದಲು ನಜರೇತಿನಲ್ಲಿ ಒಬ್ಬ ತರುಣಿ ಇದ್ದಳು. ಅವಳದೂ ನೀರು ಹೊರುವ, ಹಿಟ್ಟು ಬೀಸುವ, ಒಲೆ ಹೊತ್ತಿಸುವ ದಿನಚರಿ. ಅವಳ ಊರೂ ಹೆಸರಿಲ್ಲದ ಹಳ್ಳಿ. ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ಆಗಮನ ಕಾಲದಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಗಬ್ರಿಯೇಲ ದೂತ ಸಂದೇಶವನ್ನು ಹೇಳಿ ಹೊರಟುಹೋಗಲಿಲ್ಲ. ಮರಿಯಾ ಕಳವಳಗೊಂಡಳು, ಇದು ಹೇಗೆ ಸಾಧ್ಯವೆಂದು ಪ್ರಶ್ನೆ ಕೇಳಿದಳು, ದೂತ ವಿವರಿಸಿದ, ಅವಳು ಒಪ್ಪಿಗೆಯಿತ್ತ ಮೇಲೆಯೇ ಅವಳ ಬಳಿಯಿಂದ ತೆರಳಿದ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ತಮ್ಮ ಪ್ರಸಂಗವೊಂದರಲ್ಲಿ, ಆದಾಮನಿಂದ ಹಿಡಿದು ಇಡೀ ಲೋಕವೇ ಆ ತರುಣಿಯ ಉತ್ತರಕ್ಕಾಗಿ ಕಾದು ನಿಂತಿತ್ತೆಂದು ವರ್ಣಿಸುತ್ತಾರೆ. ಲೋಕವನ್ನು ಉದ್ಧರಿಸಲು ಹೊರಟ ದೇವರು ಒಬ್ಬ ಹಳ್ಳಿಯ ಹುಡುಗಿಯ ಇಚ್ಛೆಯನ್ನು ಕೇಳಿದರು. ಹಾಗಿದ್ದ ಮೇಲೆ ಒಂದು ಮದುವೆಯನ್ನೋ ಓದನ್ನೋ ತೀರ್ಮಾನಿಸುವ ನಾವು ಕೇಳದೆ ಮುಂದುವರಿಯಲು ಯಾವ ಅಧಿಕಾರದಿಂದ ಹೊರಡುತ್ತೇವೆ?

ಧರ್ಮಸಭೆಯ ಬೋಧನೆಯೂ ಇದೇ. ಮದುವೆಯನ್ನು ಮದುವೆಯಾಗಿಸುವುದು ವಧೂವರರ ಸ್ವಂತ ಒಪ್ಪಿಗೆ. ಅದನ್ನು ಬೇರೆ ಯಾವ ಮಾನವ ಅಧಿಕಾರವೂ ಅವರ ಪರವಾಗಿ ಕೊಡಲಾರದು. ಆದ್ದರಿಂದಲೇ ಬಲಿಪೀಠದ ಮುಂದೆ ಗುರುಗಳು, ಯಾರ ಬಲವಂತವೂ ಇಲ್ಲದೆ ಪೂರ್ಣ ಮನಸ್ಸಿನಿಂದ ಬಂದಿರುವಿರಾ ಎಂದು ಮೊದಲು ಕೇಳುತ್ತಾರೆ. ಚಪ್ಪರ ಹಾಕಿ, ನೆಂಟರು ತುಂಬಿದ ಮೇಲೆ ಆ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿಸಿಕೊಳ್ಳುವ ಹುಡುಗಿಗೆ ಬೇರೆ ಉತ್ತರವಿರುವುದು ಸಾಧ್ಯವೇ? ಆ ಪ್ರಶ್ನೆಯನ್ನು ಮನೆಯಲ್ಲಿ, ವರ್ಷಗಳ ಮೊದಲೇ, ಕೇಳಿರಬೇಕು. 18 ತುಂಬದ ಹುಡುಗಿಯ ಮದುವೆ ಅಪರಾಧವೆಂಬುದು ದೇಶದ ಕಾನೂನು. ಕರ್ನಾಟಕದ ತಿದ್ದುಪಡಿಯಂತೆ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಅಂತಹ ಸುದ್ದಿ ಕಿವಿಗೆ ಬಿದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸುವುದು ನೆರೆಯವರ ಕರ್ತವ್ಯ.

ಈ ಹಬ್ಬದಲ್ಲಿ ನಾವು ಮಾಡಬಹುದಾದುದು

ತೆರೇಸಾಳ ಮಠಜೀವನದ ಒಂದು ಕ್ರಿಸ್ಮಸ್ ನಮಗೆ ದಾರಿ ತೋರುತ್ತದೆ. 1895ರ ಡಿಸೆಂಬರ್ 25ರಂದು ಮಠದ ಭಗಿನಿಯರಿಗಾಗಿ ಅವಳು ಒಂದು ಪುಟ್ಟ ರೂಪಕವನ್ನು ರಚಿಸಿದ್ದಳು. ಅದರಲ್ಲಿ ಬಾಲಯೇಸುವೇ ಭಿಕ್ಷುಕ. ಪ್ರತಿಯೊಬ್ಬ ಭಗಿನಿಯೂ ಬುಟ್ಟಿಯಿಂದ ಒಂದು ಚೀಟಿ ಎತ್ತಬೇಕು. ಬಾಲಯೇಸು ಅವಳಿಂದ ಏನು ಬೇಡುತ್ತಾನೆಂಬುದು ಅದರಲ್ಲಿ ಬರೆದಿರುತ್ತದೆ: ಹಾಲು, ದಿಂಬು, ರೊಟ್ಟಿ, ಆಟಿಕೆ, ಒಂದು ಮುಗುಳ್ನಗೆ. ಮರುವರ್ಷ ಅವಳು ತನ್ನದೇ ಆಸೆಗಳನ್ನು ಕಾಗದಕ್ಕಿಳಿಸಿದಳು. ಯೋಧಳಾಗಬೇಕು, ಯಾಜಕನಾಗಬೇಕು, ಪ್ರೇಷಿತಳಾಗಬೇಕು, ಪಂಡಿತಳಾಗಬೇಕು, ರಕ್ತಸಾಕ್ಷಿಯಾಗಬೇಕು ಎಂದು ಮಠದ ಗೋಡೆಗಳೊಳಗೆ ಬಟ್ಟೆ ಒಗೆಯುತ್ತಿದ್ದ ಹುಡುಗಿ ಬರೆದಳು. ಎಲ್ಲದರ ಮೂಲ ಪ್ರೀತಿಯೇ, ತನ್ನ ಕರೆಯೂ ಪ್ರೀತಿಯೇ ಎಂಬಲ್ಲಿಗೆ ಅವಳ ಹುಡುಕಾಟ ಮುಟ್ಟಿತು. 1897ರ ಸೆಪ್ಟೆಂಬರ್ 30ರಂದು 24ರ ವಯಸ್ಸಿನಲ್ಲಿ ತೀರಿಕೊಂಡ ಆಕೆಯನ್ನು ನೂರು ವರ್ಷಗಳ ಬಳಿಕ, 1997ರ ಅಕ್ಟೋಬರ್ 19ರಂದು, ಜಗದ್ಗುರು ಎರಡನೆಯ ಜಾನ್ ಪಾಲರು ಧರ್ಮಸಭೆಯ ಪಂಡಿತಳೆಂದು ಘೋಷಿಸಿದರು. ಅಸಾಧ್ಯವೆಂದು ಕಂಡ ಪಟ್ಟಿಯ ಒಂದು ಸಾಲು ಹಾಗೆ ನಿಜವಾಯಿತು. ಅವಳು ಅದನ್ನು ಬರೆದಿಡದಿದ್ದರೆ, ಬರೆಯೆಂದು ಅಕ್ಕಂದಿರು ಕೇಳದಿದ್ದರೆ, ನಮಗೆ ತಿಳಿಯುತ್ತಲೂ ಇರಲಿಲ್ಲ.

ಈ ಬಾರಿಯ ಹಬ್ಬದ ಚೀಟಿಯ ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟು, ಅದು ಅವಳದೆಂದು ಮಗಳಿಗೆ ಹೇಳೋಣ. ನೆಂಟರ ಮುಂದೆ ಕೇಳಿದರೆ 'ಬೇಡ' ಎಂದೇ ಹೇಳುತ್ತಾಳೆ. ಆದ್ದರಿಂದ ತಾಯಿಯೋ ಚಿಕ್ಕಮ್ಮನೋ ಸೋದರತ್ತೆಯೋ ಒಬ್ಬಳನ್ನೇ ಕೂರಿಸಿಕೊಂಡು ಕೇಳಲಿ, ಎರಡನೆಯ ಬಾರಿಯೂ ಕೇಳಲಿ. ಸಣ್ಣ ಆಸೆಯನ್ನು ಹಾಸ್ಯ ಮಾಡದಿರೋಣ. ದೊಡ್ಡ ಆಸೆಗೆ ಆ ಕ್ಷಣವೇ ಮಾತು ಕೊಡಬೇಕಾಗಿಲ್ಲ. ಬಡ ತಂದೆಗೆ ಎಲ್ಲವನ್ನೂ ಈಡೇರಿಸಲು ಆಗದು ಎಂಬುದು ಅವಳಿಗೂ ಗೊತ್ತು. 'ನೋಡೋಣಮ್ಮ, ಯಾರನ್ನು ಕೇಳಬೇಕೋ ಕೇಳೋಣ, ನಾನೂ ಜೊತೆಗೆ ಬರುತ್ತೇನೆ' ಎಂಬ ಮಾತು ಸಾಕು. ಆಮೇಲೆ ನಿಜವಾಗಿಯೂ ಒಂದು ದಿನ ಬಿಡುವು ಮಾಡಿಕೊಂಡು ಕಾಲೇಜಿನ ಕಚೇರಿಗೋ ತರಬೇತಿ ಕೇಂದ್ರಕ್ಕೋ ಬ್ಯಾಂಕಿಗೋ ಅವಳೊಡನೆ ಹೋಗಿ ಬರೋಣ.

ಹಬ್ಬದ ಕೆಲಸವನ್ನೂ ಹಂಚಿಕೊಳ್ಳಬೇಕು. ಗಂಡುಮಕ್ಕಳು ಬೆಲ್ಲ ಕುಟ್ಟಿದರೆ, ಚಕ್ಕುಲಿ ಒತ್ತಿದರೆ, ಪಾತ್ರೆ ತೊಳೆದರೆ ಅವರ ಗೌರವಕ್ಕೆ ಕುಂದಿಲ್ಲ. ಬಚ್ಚಿಟ್ಟ ಮೂವತ್ತು ವರ್ಷ ಯೇಸುಸ್ವಾಮಿಯೂ ನಜರೇತಿನ ಮನೆಯಲ್ಲಿ ಕೈಕೆಲಸ ಮಾಡಿದವರೇ. ನಡುರಾತ್ರಿಯ ಪೂಜೆಗೆ ಅಡುಗೆಮನೆಯ ಬಾಗಿಲನ್ನು ಒಂದು ಗಂಟೆ ಮೊದಲೇ ಮುಚ್ಚಿ, ಮಗಳು ಎಲ್ಲರೊಡನೆ ಹೋಗಿ ಮುಂದಿನ ಸಾಲಿನಲ್ಲಿ ಕೂರುವಂತಾಗಲಿ. ಧರ್ಮಕೇಂದ್ರಗಳ ಯುವಜನ ಸಂಘಗಳು ಕ್ರಿಸ್ಮಸ್ ಗೆಳೆಯರ ಚೀಟಿ ಎತ್ತುವಾಗ, ತೆರೇಸಾಳ ಬುಟ್ಟಿಯನ್ನು ನೆನೆದು, ಬಾಲಯೇಸುವಿನ ಹೆಸರಿನಲ್ಲಿ ಬಡ ಹುಡುಗಿಯೊಬ್ಬಳ ಪರೀಕ್ಷಾ ಶುಲ್ಕವನ್ನೋ ಪುಸ್ತಕವನ್ನೋ ಒಂದು ಚೀಟಿಯಲ್ಲಿ ಬರೆದಿಡಬಹುದು. ಆ ಹುಡುಗಿ ಯಾವ ಧರ್ಮದವಳೆಂದು ಕೇಳುವ ಅಗತ್ಯವಿಲ್ಲ. ಕ್ಯಾತಗಾನಚೆರ್ಲಿನ ಬಿಸಿಲಿಗೂ ಬೆತ್ಲೆಹೇಮಿನ ನಕ್ಷತ್ರಕ್ಕೂ ಆ ಭೇದವಿಲ್ಲ.

ಗೋದಲಿಯ ಮುಂದೆ ಮೊಣಕಾಲೂರಿ, ನಮಗೆ ಬೇಕಾದುದನ್ನೆಲ್ಲ ನಾವು ಬಾಲಯೇಸುವಿನ ಮುಂದೆ ಧೈರ್ಯವಾಗಿ ಹೇಳಿಕೊಳ್ಳುತ್ತೇವೆ. ಆತ ಕೇಳುತ್ತಾನೆಂಬ ನಂಬಿಕೆಯೇ ಆ ಧೈರ್ಯಕ್ಕೆ ಆಧಾರ. ನಮ್ಮ ಹೆಣ್ಣುಮಕ್ಕಳಿಗೂ ತಂದೆತಾಯಿಯರ ಮುಂದೆ ಅಂತಹುದೇ ಧೈರ್ಯ ಬರುವಂತಾಗಲಿ. ಸರ್ವ ಓದುಗ ಕುಟುಂಬಗಳಿಗೂ ಕ್ರಿಸ್ತಜಯಂತಿಯ ಶಾಂತಿ, ಸಮಾಧಾನಗಳು ಲಭಿಸಲೆಂದು ಹಾರೈಸುತ್ತೇವೆ.